ವಿಶ್ರಾಂತಿಯ ಪಾಳಿ

ಸೊಲ್ಲಾಪುರಕ್ಕೂ ಅಕ್ಕಲಕೋಟೆಗೂ ನಡುವಣ ದೂರ ಸುಮಾರು 40 ಕಿಲೋಮೀಟರು ಮಾತ್ರ. ಆದರೆ ಪ್ರಯಾಣವೆಂಬ ಒಂದು ವಿಷಯದಲ್ಲಿ ಈ ಎರಡು ಊರುಗಳ ಸ್ವಭಾವಗಳು ಪರಸ್ಪರ ವಿರುದ್ಧವಾದವು. ವೈಶಾಖದ ಬಿಸಿಲು 42 ಡಿಗ್ರಿಯನ್ನು ದಾಟಿ, ಸಿದ್ಧೇಶ್ವರನ ಕೆರೆಯ ಮೇಲಿಂದ ಬರುವ ಸಂಜೆಗಾಳಿಯೂ ತಂಪನ್ನು ಮರೆತಾಗ, ಶಕ್ತಿಯುಳ್ಳವರೆಲ್ಲರೂ ನಾಲ್ಕು ದಿನ ಬಿಟ್ಟುಹೋಗಬೇಕೆಂದು ಬಯಸುವ ಊರು ಸೊಲ್ಲಾಪುರ. ಋತು ಯಾವುದೇ ಆಗಲಿ, ವಿಶೇಷವಾಗಿ ಗುರುವಾರಗಳಂದು, ಪುಣೆ ಮುಂಬಯಿಗಳಿಂದಲೂ ಕಲಬುರ್ಗಿ ವಿಜಯಪುರಗಳಿಂದಲೂ ಜನರು ಸ್ವಾಮಿ ಸಮರ್ಥರ ಸನ್ನಿಧಿಯಲ್ಲಿ ಒಂದು ರಾತ್ರಿಯಾದರೂ ತಂಗಬೇಕೆಂದು ಬಂದಿಳಿಯುವ ಊರು ಅಕ್ಕಲಕೋಟೆ. ಹೊರಡುವವರ ಊರೊಂದು, ಬರುವವರ ಊರೊಂದು. ಇವೆರಡನ್ನೂ ಒಟ್ಟಿಗೆ ಬಲ್ಲವನಿಗೆ, ಇಂದು ದೇಶದ ಎಲ್ಲ ನಗರಗಳಲ್ಲಿಯೂ ಮಧ್ಯಮವರ್ಗದ ಮನೆಬಾಗಿಲಿಗೆ ಬಂದು ನಿಂತಿರುವ ‘ಟೈಮ್‌ಶೇರ್’ ಎಂಬ ವ್ಯಾಪಾರದ ಒಳಮರ್ಮವನ್ನು ಅರಿಯಲು ಬೇಕಾದ ಸಾಮಗ್ರಿಯೆಲ್ಲವೂ ಮನೆಯ ಹತ್ತಿರದಲ್ಲಿಯೇ ಇದೆ.

ಆ ವ್ಯಾಪಾರದ ವಿಧಿ ಈಗ ಬಹುಮಂದಿಗೆ ಪರಿಚಿತವಾದುದು. ಪೆಟ್ರೋಲ್ ಪಂಪಿನಲ್ಲಿಯೋ ಮಾಲಿನ ಬಾಗಿಲಲ್ಲಿಯೋ ತುಂಬಿಕೊಟ್ಟ ಚೀಟಿಯೊಂದರ ಫಲವಾಗಿ, ಅದೃಷ್ಟಶಾಲಿಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿದೆಯೆಂದು ದೂರವಾಣಿಯಲ್ಲಿ ಮಧುರವಾದ ಧ್ವನಿಯೊಂದು ತಿಳಿಸುತ್ತದೆ. ಹೋಟೆಲೊಂದರ ಸಭಾಂಗಣಕ್ಕೆ ಪತಿಪತ್ನಿಯರಿಬ್ಬರೂ ತಪ್ಪದೆ ಬರಬೇಕು, ಊಟವುಂಟು, ಉಡುಗೊರೆಯುಂಟು, ಬರಿದೆ ಒಂದು ಗಂಟೆಯ ಕಾಲ ಮಾತು ಕೇಳಿದರಾಯಿತು. ಇಬ್ಬರೂ ಬರಬೇಕೆಂಬ ಈ ಆಗ್ರಹಕ್ಕೆ ಕಾರಣವಿಲ್ಲದಿಲ್ಲ: ಒಬ್ಬರೇ ಬಂದರೆ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂಬ, ನಮ್ಮ ಸಂಸಾರಗಳನ್ನು ಎಷ್ಟೋ ಋಣಗಳಿಂದ ಪಾರುಮಾಡಿರುವ, ಆ ಹಳೆಯ ರಕ್ಷಾವಾಕ್ಯವು ಅವರ ಬಾಯಿಂದ ಬಂದುಬಿಡುತ್ತದೆ. ಸಭಾಂಗಣದಲ್ಲಿ ಮುನ್ನಾರಿನ ಮಂಜು, ಕೊಡಗಿನ ಕಾಫಿ ತೋಟ, ಗೋವೆಯ ಕಡಲು ಇವುಗಳ ಚಿತ್ರಗಳು ಒಂದಾದ ಮೇಲೊಂದರಂತೆ ಸರಿಯುತ್ತವೆ. 25 ವರ್ಷಗಳ ಕಾಲ ಪ್ರತಿವರ್ಷವೂ ಏಳು ದಿನ ಇವೆಲ್ಲವೂ ನಿಮ್ಮವೆಂದು ಭರವಸೆ ದೊರೆಯುತ್ತದೆ. ಕೊನೆಗೆ, ಈ ದರವು ಈ ರಾತ್ರಿಗೆ ಮಾತ್ರ ಎಂಬ ಎಚ್ಚರಿಕೆಯೊಡನೆ ಲೇಖನಿಯು ಮುಂದೆ ಬರುತ್ತದೆ.

ಕೊಳ್ಳಬೇಕೆ, ಬೇಡವೆ? ಈ ಪ್ರಶ್ನೆಗೆ ‘ಎಲ್ಲವೂ ಮೋಸ’ ಎಂದು ಕೈಯೊದರುವುದು ಸುಲಭ. ಅದು ನ್ಯಾಯವಲ್ಲ, ಏಕೆಂದರೆ ಕೊಂಡು ವರ್ಷವರ್ಷವೂ ಸಂತೋಷದಿಂದ ಉಪಯೋಗಿಸುತ್ತಿರುವ ಕುಟುಂಬಗಳೂ ಇವೆ. ನನಗೆ ತೋರುವ ಮಟ್ಟಿಗೆ, ಇಲ್ಲಿ ಗ್ರಾಹಕನು ಹಣ ತೆರುವುದು ತನ್ನ ಮುಂದಿನ 25 ವರ್ಷಗಳ ನಡೆವಳಿಯನ್ನು ಕುರಿತು ತಾನೇ ಕಟ್ಟಿಕೊಂಡ ಊಹೆಯೊಂದಕ್ಕೆ. ಆದುದರಿಂದ ಕಂಪನಿಯ ಚಿತ್ರಪುಸ್ತಕಕ್ಕಿಂತ ಮೊದಲು ಅವನು ಪರೀಕ್ಷಿಸಬೇಕಾದುದು ತನ್ನ ಮನೆಯ ಕಳೆದ ಹತ್ತು ವರ್ಷಗಳ ಪ್ರಯಾಣದ ಚರಿತ್ರೆಯನ್ನು.

ರಜೆಯಿಂದ ಹುಟ್ಟಿದ ಸರಕು

ಸಂಬಳಸಹಿತವಾದ ರಜೆಯೆಂಬುದು ಜನಸಾಮಾನ್ಯರ ಹಕ್ಕಾಗುವ ಮೊದಲು ವಿಹಾರದ ವ್ಯಾಪಾರಕ್ಕೆ ಇಷ್ಟು ವಿಸ್ತಾರವಾದ ನೆಲೆಯೇ ಇರಲಿಲ್ಲ. ಫ್ರಾನ್ಸಿನಲ್ಲಿ 1936ರ ಶಾಸನವು ದುಡಿಯುವವರಿಗೆಲ್ಲ ವರ್ಷಕ್ಕೆ ಎರಡು ವಾರಗಳ ಸಂಬಳದ ರಜೆಯನ್ನು ವಿಧಿಸಿತು. ನಮ್ಮಲ್ಲಿ 1948ರ ಕಾರಖಾನೆಗಳ ಕಾಯಿದೆಯು, ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕೆಲಸಗಾರನಿಗೆ ಮುಂದಿನ ವರ್ಷದಲ್ಲಿ ಪ್ರತಿ 20 ದಿನಗಳ ದುಡಿಮೆಗೆ ಒಂದು ದಿನದಂತೆ ಸಂಬಳದ ರಜೆಯನ್ನು ಕೊಟ್ಟಿತು. 1877ರಲ್ಲಿ ಆರಂಭವಾಗಿ, ಜನರ ಬಾಯಲ್ಲಿ ‘ಜುನಿ ಮಿಲ್’ ಎಂದೇ ನಿಂತ ಬಟ್ಟೆಯ ಗಿರಣಿಯನ್ನೂ ಅದರ ಹಿಂದೆ ಬಂದ ಇತರ ಗಿರಣಿಗಳನ್ನೂ ನಂಬಿ ಬೆಳೆದ ಸೊಲ್ಲಾಪುರದಲ್ಲಿ, ಕೆಲಸಗಾರನು ಆ ರಜೆಯನ್ನು ಕಳೆದದ್ದು ಸಾಮಾನ್ಯವಾಗಿ ತನ್ನ ಹಳ್ಳಿಯ ಜಾತ್ರೆಯಲ್ಲಿ, ಇಲ್ಲವೆ ಮಗಳ ಮದುವೆಯ ಓಡಾಟದಲ್ಲಿ. ಯೂರೋಪಿನಲ್ಲಾದರೋ ರಜೆ ಸಿಕ್ಕವರೆಲ್ಲರೂ ಕಡಲಿಗೂ ಹಿಮಗಿರಿಗೂ ಹೊರಟರು; ಹೊರಟವರಿಗೆಲ್ಲ ಮನೆ ಕಟ್ಟಿಕೊಳ್ಳುವ ಶಕ್ತಿಯಿರಲಿಲ್ಲ. ಈ ಸಂಕಟದಿಂದಲೇ ಹೊಸ ಉಪಾಯ ಹುಟ್ಟಿತು. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಸಂಸ್ಥೆ 1963ರಲ್ಲಿ ಸದಸ್ಯರ ಹಣದಿಂದ ವಿಹಾರಗೃಹಗಳನ್ನು ಕೊಂಡು ಅವರಿಗೆ ಸರದಿಯಂತೆ ಬಿಟ್ಟುಕೊಡತೊಡಗಿತು. 1967ರಲ್ಲಿ ಫ್ರೆಂಚ್ ಆಲ್ಪ್ಸಿನ ಸೂಪರ್‌ದೇವೊಲ್ಯೂ ಎಂಬಲ್ಲಿ, ಕೊಠಡಿಯನ್ನು ಬಾಡಿಗೆಗೆ ಹಿಡಿಯುವ ಬದಲು ಹೋಟೆಲಿನ ಒಂದಂಶವನ್ನೇ ಕೊಳ್ಳಿರೆಂಬ ಕರೆಯೊಡನೆ ವಾರಗಳ ಮಾರಾಟ ನಡೆಯಿತು. ಕೊಡಗಿನಲ್ಲಿ ವಾರವುಳ್ಳವನು ಅದನ್ನು ಬಿಟ್ಟುಕೊಟ್ಟು ಕಾಶ್ಮೀರದಲ್ಲಿ ವಾರ ಪಡೆಯುವಂತಹ ವಿನಿಮಯಕ್ಕೆ 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಸ್ಥಾಪಿತವಾದ ಆರ್‌ಸಿಐ ದಾರಿ ಮಾಡಿತು. ಭಾರತದಲ್ಲಿ 1986ರ ಸ್ಟರ್ಲಿಂಗ್ ಸಂಸ್ಥೆಯೂ, 1996ರ ಮಹೀಂದ್ರಾ ಹಾಲಿಡೇಸ್ ಸಂಸ್ಥೆಯೂ ಈ ವ್ಯಾಪಾರವನ್ನು ಮನೆಮಾತಾಗಿಸಿದವು.

ನಮ್ಮ ನಾಡಿನಲ್ಲಿ ಪಯಣಿಗನ ವಿಶ್ರಾಂತಿಗೆ ಇದಕ್ಕೂ ಮೊದಲಿದ್ದ ಏರ್ಪಾಟು ಬೇರೆಯೇ ಆಗಿತ್ತು. ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಸೊಲ್ಲಾಪುರವಾದ ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸುವುದನ್ನು ಶಿವಕಾರ್ಯವೆಂದು ಕೈಗೊಂಡಾಗ, ಅದರ ದಡದ ನೆರಳನ್ನು ಯಾರಿಗೂ ಅಳೆದು ಕೊಡಲಿಲ್ಲ. 1856ರಲ್ಲಿ ಅಕ್ಕಲಕೋಟೆಗೆ ಬಂದು 1878ರಲ್ಲಿ ಸಮಾಧಿಸ್ಥರಾಗುವವರೆಗೆ ಅಲ್ಲಿಯೇ ನೆಲೆಸಿದ ಸ್ವಾಮಿ ಸಮರ್ಥರ ಸನ್ನಿಧಿಗೆ, ಅಲ್ಲಿಯ ವಟವೃಕ್ಷದ ಬುಡಕ್ಕೆ, ಬರುವ ಯಾತ್ರಿಕರಿಗೆ 1988ರಿಂದ ಅನ್ನಛತ್ರ ಮಂಡಳವು ಊಟವಿಕ್ಕುತ್ತಿದೆ; ಭಕ್ತನಿವಾಸ, ಯಾತ್ರಿನಿವಾಸಗಳಲ್ಲಿ ಅವರು ತಂಗುತ್ತಾರೆ. ಅನೇಕ ಕ್ಷೇತ್ರಗಳಲ್ಲಿ ಕೊಠಡಿಯೊಂದನ್ನು ಕಟ್ಟಿಸಿಕೊಟ್ಟ ದಾನಿಯ ಹೆಸರನ್ನು ಬಾಗಿಲ ಮೇಲಣ ಕಲ್ಲಿನಲ್ಲಿ ಕೆತ್ತಿಸಿ, ಅವನು ಬಂದಾಗ ತಂಗಲು ಆದ್ಯತೆ ಕೊಡುವ ಪದ್ಧತಿಯೂ ಉಂಟು. ಅಲ್ಲಿಯೂ ಹಣ ಕೊಟ್ಟವನಿಗೆ ಕೆಲವು ದಿನಗಳ ಸೌಕರ್ಯ ದೊರೆಯುತ್ತದೆ, ದಿಟ. ಆದರೆ ಆ ಸೌಕರ್ಯವು ದಾನದ ನೆರಳು, ಬಾರದಿದ್ದ ವರ್ಷ ಅವನಿಗೆ ನಷ್ಟವೆನಿಸುವುದಿಲ್ಲ. ಟೈಮ್‌ಶೇರಿನಲ್ಲಿ ಬಾರದಿದ್ದ ವರ್ಷವೇ ನಷ್ಟದ ಮೂಲ.

ಬಾವಿಯ ಪಾಳಿ, ಬಂಗಲೆಯ ಪಾಳಿ

ಕಾಲವನ್ನು ಹಂಚಿಕೊಂಡು ಒಂದು ವಸ್ತುವನ್ನು ಹಲವರು ಭೋಗಿಸುವುದು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ರೈತನಿಗೆ ಹೊಸತಲ್ಲ. ಅಣ್ಣತಮ್ಮಂದಿರು ಹೊಲವನ್ನು ಪಾಲು ಮಾಡಿಕೊಂಡಾಗ ಬಾವಿಯನ್ನು ಕಡಿದು ಹಂಚಲಾಗದಷ್ಟೆ; ಅದರ ನೀರನ್ನು ದಿನಗಳ ಮೇಲೆ ಹಂಚುತ್ತಾರೆ. ಇಂತಿಂಥ ದಿನ ಇಂಥವನ ಮೋಟರು ನಡೆಯತಕ್ಕದ್ದೆಂದು ಗೊತ್ತಾಗುತ್ತದೆ, ಅದೇ ಪಾಳಿ. ಆ ಪಾಳಿಯ ಹಕ್ಕು ಸಾತ್‌ಬಾರಾ ಉತಾರೆಯೆಂಬ ಹೊಲದ ದಾಖಲೆಪತ್ರದ ಇತರ ಹಕ್ಕುಗಳ ಕಲಮಿನಲ್ಲಿ ದಾಖಲಾಗುತ್ತದೆ, ಹೊಲದ ಖರೇದಿಪತ್ರದಲ್ಲಿ ಹೊಲದೊಡನೆ ಕೈಬದಲಾಗುತ್ತದೆ, ಮಕ್ಕಳಿಗೆ ವಾರಸಾ ಬರುತ್ತದೆ. ಯಾವ ವಸ್ತುವಿನ ಮೇಲೆ ನನ್ನ ಹಕ್ಕು, ಯಾವ ದಿನ ನನ್ನದು, ಹೂಳೆತ್ತುವ ಹಾಗೂ ಮೋಟರು ರಿಪೇರಿಯ ಖರ್ಚನ್ನು ಯಾರು ಹೇಗೆ ಹೊರಬೇಕು ಎಂಬ ಮೂರು ಪ್ರಶ್ನೆಗಳಿಗೂ ಅಲ್ಲಿ ಸ್ಪಷ್ಟವಾದ ಉತ್ತರವುಂಟು. ಉತ್ತರ ಕೆಟ್ಟರೆ ಜಗಳ, ಜಗಳ ಬೆಳೆದರೆ ತಹಶೀಲದಾರರ ಕಚೇರಿ. ರಜೆಯ ಪಾಳಿಯನ್ನು ಕೊಳ್ಳಹೊರಟವನು ಇದೇ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು, ಅರ್ಧ ವ್ಯವಹಾರ ಬೆಳಕಿಗೆ ಬರುತ್ತದೆ.

“ಉತಾರೆದಾಗ ನಮ್ಮ ಹೆಸರು ಬರತೈತೇನ್ರಿ?” ಎಂದು ಮನೆಯ ಹಿರಿಯರು ಕೇಳಿದರೆ, ಸಭಾಂಗಣದ ಯುವಕನು ನಗಬಹುದು; ಆದರೆ ಅದಕ್ಕಿಂತ ಮೂಲಭೂತವಾದ ಪ್ರಶ್ನೆ ಮತ್ತೊಂದಿಲ್ಲ. ಅಮೆರಿಕದಲ್ಲಿ ಎಷ್ಟೋ ಟೈಮ್‌ಶೇರುಗಳು ನೋಂದಣಿಯಾದ ಸ್ಥಿರಾಸ್ತಿಯ ಅಂಶಗಳು. ಭಾರತದಲ್ಲಿ ಸಾಮಾನ್ಯವಾಗಿ ಮಾರಾಟವಾಗುವುದು ಸದಸ್ಯತ್ವ: ಗೊತ್ತಾದ ಅವಧಿಯವರೆಗೆ, ಗೊತ್ತಾದ ಷರತ್ತುಗಳಿಗೆ ಒಳಪಟ್ಟು, ವಸತಿಯನ್ನು ಉಪಯೋಗಿಸುವ ಕರಾರಿನ ಹಕ್ಕು. ಆ ಗಿರಿಧಾಮದ ನೆಲದಲ್ಲಿ ಸದಸ್ಯನಿಗೆ ಗುಂಟೆಯೊಂದೂ ಇಲ್ಲ. ನೆಲದ ಬೆಲೆ ಹತ್ತುಪಟ್ಟು ಏರಿದರೂ ಅದರಲ್ಲಿ ಅವನ ಪಾಲಿಲ್ಲ. 25 ವರ್ಷ ಮುಗಿದ ದಿನ ಹಕ್ಕೂ ಮುಗಿಯುತ್ತದೆ. ಕಂಪನಿಯು ದಿವಾಳಿಯೆದ್ದರೆ ಅವನು ಬರತಕ್ಕ ಹಣಕ್ಕಾಗಿ ಅರ್ಜಿ ಹಿಡಿದು ನಿಂತ ಅನೇಕರಲ್ಲಿ ಒಬ್ಬನಾಗುತ್ತಾನೆ. ಆದುದರಿಂದ ‘ಆಸ್ತಿ’, ‘ಹೂಡಿಕೆ’, ‘ಮಕ್ಕಳಿಗೆ ಬಿಟ್ಟುಹೋಗುವ ಸ್ವತ್ತು’ ಎಂಬ ಪದಗಳು ಮಾರುವವನ ಬಾಯಲ್ಲಿ ಬಂದೊಡನೆ ಅವನ್ನು ಕಾಗದದ ಮೇಲೆ ಬರೆದುಕೊಡುವಂತೆ ಕೇಳುವುದು ಕ್ಷೇಮ. ಉಳಿದ ಅವಧಿಯ ಸದಸ್ಯತ್ವವನ್ನು ಮಗನ ಹೆಸರಿಗೆ ವರ್ಗಾಯಿಸಲು ಬರುವುದೆ, ಬಂದರೆ ಎಷ್ಟು ಶುಲ್ಕ, ಸದಸ್ಯನು ತೀರಿಕೊಂಡರೆ ನಾಮಿನಿಗೆ ಏನು ದೊರೆಯುತ್ತದೆ ಎಂಬುದು ಬೇರೆ ಬೇರೆ ಕರಾರುಗಳಲ್ಲಿ ಬೇರೆ ಬೇರೆಯಾಗಿರುತ್ತದೆ. ಅದನ್ನು ಓದಿಯೇ ತಿಳಿಯಬೇಕು.

ಎರಡನೆಯ ಪ್ರಶ್ನೆ ದಿನದ್ದು. ಯಾವ ವಾರವೆಂದು ಖಚಿತವಾಗಿ ಬರೆದುಕೊಡುವ ಪದ್ಧತಿ ಹಿಂದೆ ಹೆಚ್ಚಾಗಿತ್ತು. ಈಗ ಬಹುಮಟ್ಟಿಗೆ ಹಂಗಾಮು ಮಾತ್ರ ಗೊತ್ತಾಗಿರುತ್ತದೆ, ಆ ಹಂಗಾಮಿನೊಳಗಿನ ವಾರವನ್ನು ಮುಂಗಡವಾಗಿ ಕೇಳಿ ಕಾಯ್ದಿರಿಸಿಕೊಳ್ಳಬೇಕು. ಹಂಗಾಮುಗಳಿಗೆ ಬಣ್ಣದ ಹೆಸರುಗಳುಂಟು. ದೇಶದ ದೊಡ್ಡ ಸಂಸ್ಥೆಯೊಂದರಲ್ಲಿ ನೇರಳೆಯದು ಎಲ್ಲಕ್ಕಿಂತ ಬೇಡಿಕೆಯದು, ಅನಂತರ ಕೆಂಪು, ಬಿಳಿ, ನೀಲಿ. ಬಣ್ಣ ಏರಿದಂತೆ ಬೆಲೆಯೂ ಏರುತ್ತದೆ. ಒಂದು ಕೊಠಡಿಗೆ ವರ್ಷದಲ್ಲಿ 52 ವಾರಗಳು. ಆದರೆ ಶಾಲೆಗೆ ಹೋಗುವ ಮಕ್ಕಳುಳ್ಳ ಸಂಸಾರಕ್ಕೆ ಹೊರಡಲು ಬರುವುದು ಬೇಸಗೆಯ ರಜೆಯ ಐದಾರು ವಾರಗಳಲ್ಲಿ, ದೀಪಾವಳಿಯ ಎರಡು ವಾರಗಳಲ್ಲಿ, ಹೆಚ್ಚೆಂದರೆ ಡಿಸೆಂಬರಿನ ಕೊನೆಯಲ್ಲಿ. ಅಗ್ಗವಾಗಿ ದೊರೆಯಿತೆಂದು ಮಳೆಗಾಲದ ನೀಲಿಯನ್ನು ಕೊಂಡ ಶಿಕ್ಷಕದಂಪತಿಗಳು ಮೇ ತಿಂಗಳಲ್ಲಿ ಆ ಹಕ್ಕಿನಿಂದ ಊಟಿಗೆ ಹೋಗಲಾರರು. ದುಬಾರಿಯ ನೇರಳೆಯನ್ನು ಕೊಂಡವರೂ ಅದೇ ವಾರವನ್ನು ಬಯಸುವ ಸಾವಿರಾರು ಸದಸ್ಯರೊಡನೆ ಪೈಪೋಟಿಗಿಳಿಯಬೇಕು.

ಈ ಸತ್ಯವನ್ನು ಅಕ್ಕಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುರುಪೂರ್ಣಿಮೆ, ದತ್ತಜಯಂತಿ, ಚೈತ್ರದಲ್ಲಿ ಬರುವ ಸಮರ್ಥರ ಪ್ರಕಟದಿನ ಮತ್ತು ಪುಣ್ಯತಿಥಿ—ಈ ದಿನಗಳಂದು ಊರಿನ ಲಾಡ್ಜುಗಳ ಬಾಗಿಲಲ್ಲಿ ಚೀಲ ಹೊತ್ತು ನಿಂತವರ ಸಾಲನ್ನೂ, ಸಾಮಾನ್ಯವಾದ ಸೋಮವಾರವೊಂದರಂದು ಅದೇ ಲಾಡ್ಜಿನ ಖಾಲಿ ಪಡಸಾಲೆಯನ್ನೂ ಅವರು ಹುಟ್ಟಿದಾಗಿನಿಂದ ಕಂಡಿದ್ದಾರೆ. ಎಲ್ಲರಿಗೂ ಬೇಕಾದ ದಿನದಂದು ಕೊಠಡಿಯ ಸಂಖ್ಯೆ ಬೆಳೆಯುವುದಿಲ್ಲ. ಇಪ್ಪತ್ತು ಕೊಠಡಿಯ ವಸತಿಗೃಹದಲ್ಲಿ ಎಷ್ಟು ಸದಸ್ಯರಿಗೆ ಹಕ್ಕು ಮಾರಿದ್ದೀರಿ, ಕಳೆದ ಮೇ ತಿಂಗಳಲ್ಲಿ ಕೇಳಿದವರಲ್ಲಿ ಎಷ್ಟು ಜನಕ್ಕೆ ದೊರೆಯಿತು ಎಂಬ ಪ್ರಶ್ನೆಯನ್ನು ಈ ಊರಿನವರು ಕೇಳದಿದ್ದರೆ ಮತ್ತಾರು ಕೇಳಬೇಕು?

ಮೂರನೆಯದು ಹೂಳೆತ್ತುವ ಖರ್ಚಿನ ಪ್ರಶ್ನೆ. ಸದಸ್ಯತ್ವದ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತೆಂದು ತಿಳಿಯುವವರು ಹಲವರು; ಅದರ ಹಿಂದೆಯೇ ‘ಎಎಸ್‌ಎಫ್’ ಎಂಬ ವಾರ್ಷಿಕ ಶುಲ್ಕವು ಶೇಕಡ 18ರ ಜಿಎಸ್‌ಟಿಯೊಡನೆ ವರ್ಷವರ್ಷವೂ ಬರುತ್ತದೆ, ಬೆಲೆಗಳು ಏರಿದಂತೆ ಏರುತ್ತದೆ, ಹೋಗದಿದ್ದ ವರ್ಷವೂ ತಪ್ಪುವುದಿಲ್ಲ. ಬಾವಿಯ ಪಾಲುದಾರನು ರಿಪೇರಿಯ ಖರ್ಚು ಹೆಚ್ಚೆನಿಸಿದಾಗ ಕಟ್ಟೆಯ ಮೇಲೆ ಕುಳಿತು ತಕರಾರು ತೆಗೆಯಬಲ್ಲನು. ಇಲ್ಲಿ ಶುಲ್ಕವನ್ನು ನಿಶ್ಚಯಿಸುವುದು ಕರಾರಿನ ಸೂತ್ರ ಮತ್ತು ಕಂಪನಿಯ ಲೆಕ್ಕ. ಆ ಸೂತ್ರಕ್ಕೆ ಮೇಲ್ಮಿತಿಯುಂಟೆ ಎಂಬುದನ್ನು ಸಹಿ ಹಾಕುವ ಮುನ್ನವೇ ನೋಡಬೇಕು.

ಲೆಕ್ಕದ ಮೂರು ಮುಖಗಳು

ಈಗ ಅಂಕೆಗಳನ್ನು ಹಿಡಿದು ನೋಡೋಣ. ಇವು ಯಾವ ಸಂಸ್ಥೆಯ ದರಪಟ್ಟಿಯಿಂದಲೂ ತೆಗೆದವಲ್ಲ, ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಸದಸ್ಯತ್ವದ ಬೆಲೆ 5,00,000 ರೂಪಾಯಿ. ವಾರ್ಷಿಕ ಶುಲ್ಕ ತೆರಿಗೆ ಸೇರಿ 20,000. ಅವಧಿ 25 ವರ್ಷ. ವರ್ಷಕ್ಕೆ 7 ರಾತ್ರಿ.

ಸಭಾಂಗಣದಲ್ಲಿ ಹೇಳುವ ಲೆಕ್ಕ ಸರಳವಾದುದು: ಒಟ್ಟು 175 ರಾತ್ರಿಗಳು, ಐದು ಲಕ್ಷವನ್ನು ಭಾಗಿಸಿದರೆ ರಾತ್ರಿಗೆ 2,857 ರೂಪಾಯಿ, ಇಂತಹ ಕೊಠಡಿ ಈ ಬೆಲೆಗೆ ಎಲ್ಲಿ ದೊರೆಯುತ್ತದೆ? ಈ ಲೆಕ್ಕದಲ್ಲಿ ವಾರ್ಷಿಕ ಶುಲ್ಕವಿಲ್ಲ. ಇಂದೇ ಕೊಟ್ಟ ಐದು ಲಕ್ಷವು ಬ್ಯಾಂಕಿನಲ್ಲಿದ್ದರೆ ಗಳಿಸಬಹುದಾಗಿದ್ದ ಬಡ್ಡಿಯೂ ಇಲ್ಲ.

ಎರಡನೆಯ ಲೆಕ್ಕ ನ್ಯಾಯವಾದುದು. ಠೇವಣಿಗೆ ಶೇಕಡ 7ರ ಬಡ್ಡಿಯೆಂದೂ, ವಾರ್ಷಿಕ ಶುಲ್ಕವೂ ಹೋಟೆಲಿನ ಬಾಡಿಗೆಯೂ ವರ್ಷಕ್ಕೆ ಶೇಕಡ 6ರಂತೆ ಸಮನಾಗಿ ಏರುತ್ತವೆಂದೂ ಇಟ್ಟುಕೊಳ್ಳೋಣ; ಹೀಗೆ ಏರಿದರೆ ಇಪ್ಪತ್ತೈದನೆಯ ವರ್ಷದ ಶುಲ್ಕವೇ ಸುಮಾರು 81,000 ರೂಪಾಯಿಯಾಗುತ್ತದೆ. ಬಾಡಿಗೆಯೂ ಏರುತ್ತದೆಂಬುದು ಕೊಳ್ಳುವವನ ಪಕ್ಷದ ವಾದ, ಅದನ್ನು ಒಪ್ಪಿಯೇ ಲೆಕ್ಕ ಹಾಕಿದರೆ, ಸದಸ್ಯತ್ವವು ಇಂದಿನ ಬೆಲೆಯಲ್ಲಿ ರಾತ್ರಿಗೆ ಸುಮಾರು 6,000 ರೂಪಾಯಿ ಬೀಳುತ್ತದೆ. ಎಂದರೆ, ಅದೇ ಗುಣದ ಕೊಠಡಿ ಅದೇ ಹಂಗಾಮಿನಲ್ಲಿ ಇಂದು ಆರು ಸಾವಿರಕ್ಕಿಂತ ಕಡಿಮೆ ಬಾಡಿಗೆಗೆ ದೊರೆಯುವುದಾದರೆ ಕೊಳ್ಳುವುದು ನಷ್ಟ. ಎಂಟು ಹತ್ತು ಸಾವಿರವಿದ್ದರೆ ಕೊಳ್ಳುವುದು ಲಾಭ.

ಮೂರನೆಯ ಲೆಕ್ಕವೇ ನಿರ್ಣಾಯಕವಾದುದು, ಅದನ್ನು ಮನೆಯವರೇ ಮಾಡಬೇಕು. ಮೇಲಿನ ಆರು ಸಾವಿರವು 25 ವರ್ಷವೂ ಏಳಕ್ಕೆ ಏಳು ರಾತ್ರಿಗಳನ್ನು ತಪ್ಪದೆ ಉಪಯೋಗಿಸಿದರೆ ಮಾತ್ರ ಬರುವ ಅಂಕೆ. ಅರ್ಧದಷ್ಟು ರಾತ್ರಿಗಳು ವ್ಯರ್ಥವಾದರೆ ಅದು 12,000 ಆಗುತ್ತದೆ. ಉಳಿದ ದಿನಗಳನ್ನು ಮುಂದಿನ ವರ್ಷಕ್ಕೆ ಒಯ್ಯಲು ಎಷ್ಟೋ ಕರಾರುಗಳಲ್ಲಿ ಅವಕಾಶವಿರುವುದು ನಿಜ. ಆದರೆ ಈ ವರ್ಷ ಏಳು ದಿನ ಬಿಡುವು ದೊರೆಯದ ವ್ಯಾಪಾರಿಗೆ ಮುಂದಿನ ವರ್ಷ ಹದಿನಾಲ್ಕು ದಿನ ದೊರೆಯುವುದು ಹೇಗೆ? ಹೋಗಿಬರುವ ರೈಲು, ಟ್ಯಾಕ್ಸಿ, ಅಲ್ಲಿನ ಊಟ ಇವೆಲ್ಲವೂ ಈ ಲೆಕ್ಕದ ಹೊರಗಿನವು. ಮುನ್ನಾರು ಕೊಡಗುಗಳು ಸೊಲ್ಲಾಪುರಕ್ಕೆ ನೆರೆಯವಲ್ಲ.

ಇಲ್ಲಿ ಈ ಸೀಮೆಯ ಮನೆಗಳ ಪಂಚಾಂಗವನ್ನು ತೆರೆದು ನೋಡಬೇಕು. ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಯಾತ್ರೆ. ನಂದಿಧ್ವಜಗಳು ಹೊರಡುವಾಗ ಊರಲ್ಲಿರದ ಸೊಲ್ಲಾಪುರದ ಮನೆಯವನು ವಿರಳ. ಬೇಸಗೆಯಲ್ಲಿ ಮದುವೆಗಳು. ಆಷಾಢದಲ್ಲಿ ಪಂಢರಪುರ, ನವರಾತ್ರಿಯಲ್ಲಿ ತುಳಜಾಪುರ, ಹುಣ್ಣಿಮೆಗೆ ಗಾಣಗಾಪುರ, ಶ್ರಾವಣದಲ್ಲಿ ಮನೆದೇವರು. ಇವಲ್ಲದೆ ಇಂಡಿ, ಆಳಂದ, ಕಲಬುರ್ಗಿಗಳಲ್ಲಿ ಬೀಗರ ಮನೆಗಳು. ಅಲ್ಲಿಗೆ ಹೋದರೆ ಲಾಡ್ಜಿನಲ್ಲಿ ಇಳಿಯುವುದು ಅಪಮಾನಕ್ಕೆ ಸಮಾನ. ಇಂತಹ ಸಂಸಾರವು ವರ್ಷದಲ್ಲಿ ಬಹಳ ದಿನ ಊರು ಬಿಟ್ಟಿರುತ್ತದೆ, ಆದರೆ ವಸತಿಗೆ ಬಾಡಿಗೆ ತೆತ್ತ ರಾತ್ರಿಗಳು ಅತ್ಯಲ್ಪ. ತಾವು ತುಂಬ ತಿರುಗುವವರೆಂಬ ಅಭಿಮಾನದಿಂದ ಸಹಿ ಹಾಕುವ ಮುನ್ನ, ಕಳೆದ ಹತ್ತು ವರ್ಷಗಳಲ್ಲಿ ದೇವರಿಗೂ ಬಂಧುಗಳಿಗೂ ಸಲ್ಲದ, ಶುದ್ಧ ವಿಹಾರಕ್ಕೆಂದೇ ಹಣ ಕೊಟ್ಟು ತಂಗಿದ ರಾತ್ರಿಗಳನ್ನು ಗಂಡಹೆಂಡಿರು ಕುಳಿತು ಎಣಿಸಲಿ. ಆ ಮೊತ್ತ ಎಪ್ಪತ್ತರ ಹತ್ತಿರವಿದ್ದರೆ ಅವರು ಟೈಮ್‌ಶೇರಿನ ಸಹಜ ಗ್ರಾಹಕರು. ಹದಿನೈದಿಪ್ಪತ್ತರಲ್ಲಿ ನಿಂತರೆ, ಬೇಕಾದಾಗ ಬಾಡಿಗೆ ಕೊಟ್ಟು ಹೋಗುವುದೇ ಅವರಿಗೆ ಅಗ್ಗ.

ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳುವವರುಂಟು, ಅದು ತಿರಸ್ಕಾರಯೋಗ್ಯವಾದುದಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಎಂದೂ ಏಳದ ಯಜಮಾನನು, ‘ಹಣ ಕಟ್ಟಿದ್ದಾಗಿದೆ, ಹೋಗದಿದ್ದರೆ ಹಾಳಾಗುತ್ತದೆ’ ಎಂಬ ಕಾರಣಕ್ಕಾದರೂ ವರ್ಷಕ್ಕೊಮ್ಮೆ ಮಡದಿಮಕ್ಕಳೊಡನೆ ಹೊರಡುತ್ತಾನೆ. ಅಡುಗೆಮನೆಯುಳ್ಳ ದೊಡ್ಡ ವಸತಿಯಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಇರುವುದು ಸಾಧ್ಯವಾಗುತ್ತದೆ. ತನ್ನ ಆಲಸ್ಯವನ್ನೋ ಲೋಭವನ್ನೋ ಗೆಲ್ಲಲು ಮನುಷ್ಯನು ತನಗೆ ತಾನೇ ಹಾಕಿಕೊಳ್ಳುವ ಕಟ್ಟುಪಾಡುಗಳಲ್ಲಿ ಇದೂ ಒಂದೆಂದು ತಿಳಿದು ಕೊಂಡವನಿಗೆ ಲೆಕ್ಕದ ನಷ್ಟವೂ ನಷ್ಟವೆನಿಸದಿರಬಹುದು. ಆದರೆ ಅಂತಹವನು ತನ್ನ ಸ್ವಭಾವವನ್ನು ಅರಿತೇ ಕೊಂಡವನು. ಊಟದ ಮೇಜಿನ ಮುಂದೆ ಲಜ್ಜೆಗೆ ಸಿಕ್ಕಿ ಕೊಂಡವನಲ್ಲ.

ರಜೆಯ ವೇಷದ ಠೇವಣಿ

ಮಹಾರಾಷ್ಟ್ರದ ಓದುಗರಿಗೆ ಈ ವಿಷಯದಲ್ಲಿ ಇನ್ನೊಂದು ಪಾಠವು ಬಹು ದುಬಾರಿಯಾಗಿ ದೊರೆತಿದೆ. ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಸಂಸ್ಥೆಯು ಹೋಟೆಲಿನ ‘ರೂಮ್ ನೈಟ್ಸ್’ ಎಂಬ ರಾತ್ರಿಗಳನ್ನು ಕಂತಿನ ಮೇಲೆ ಮಾರುತ್ತಿತ್ತು. ಕೊಂಡವನು ತಂಗಬಹುದು, ತಂಗದಿದ್ದರೆ ಅವಧಿಯ ಕೊನೆಯಲ್ಲಿ ಕೊಟ್ಟ ಹಣಕ್ಕಿಂತ ಹೆಚ್ಚಿನ ಮೊತ್ತವನ್ನು ಹಿಂದಕ್ಕೆ ಪಡೆಯಬಹುದು. ಷೇರುಪೇಟೆಯ ನಿಯಂತ್ರಕನಾದ ಸೆಬಿಯು ಇದನ್ನು ಅನುಮತಿಯಿಲ್ಲದೆ ನಡೆಸಿದ ಸಾಮೂಹಿಕ ಹೂಡಿಕೆಯ ಯೋಜನೆಯೆಂದು ನಿರ್ಣಯಿಸಿ, ಹಣವನ್ನು ಹಿಂದಿರುಗಿಸುವಂತೆ 2016ರ ಫೆಬ್ರುವರಿಯಲ್ಲಿ ಆಜ್ಞೆ ಮಾಡಿತು. ಮೇಲ್ಮನವಿಯ ನ್ಯಾಯಮಂಡಳಿಯು 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಸೆಬಿಯ ಪ್ರಕಾರ ಅಷ್ಟರೊಳಗೆ 51 ಲಕ್ಷಕ್ಕೂ ಮೀರಿದ ಜನರಿಂದ 7,035 ಕೋಟಿ ರೂಪಾಯಿ ಸಂಗ್ರಹವಾಗಿತ್ತು. ಕೊಂಡವರಲ್ಲಿ ಬಹುಮಂದಿಗೆ ಕೊಠಡಿಯ ಅಗತ್ಯವಿರಲಿಲ್ಲ, ಬೇಕಾಗಿದ್ದುದು ಬಡ್ಡಿ. ಉಪಯೋಗಿಸಿದರೆ ಸವೆದುಹೋಗಬೇಕಾದ ರಜೆಯು ಉಪಯೋಗಿಸದೆ ಇಟ್ಟಷ್ಟೂ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ, ಅಲ್ಲಿ ಮಾರಾಟವಾಗುತ್ತಿರುವುದು ರಜೆಯಲ್ಲವೆಂದೂ, ಠೇವಣಿಗಿರುವ ರಕ್ಷಣೆಯೊಂದೂ ಅದಕ್ಕಿಲ್ಲವೆಂದೂ ತಿಳಿದು ಎದ್ದು ಬರತಕ್ಕದ್ದು.

ಕೊಳ್ಳುವುದೇ ಆದರೆ

ಯೂರೋಪಿನ ಒಕ್ಕೂಟದಲ್ಲಿ 2008ರ ನಿರ್ದೇಶದಂತೆ, ಟೈಮ್‌ಶೇರಿಗೆ ಸಹಿ ಹಾಕಿದವನು 14 ದಿನಗಳೊಳಗೆ ಕಾರಣ ಕೊಡದೆಯೇ ಹಿಂದೆಗೆಯಬಹುದು. ಆ ಅವಧಿಯಲ್ಲಿ ಅವನಿಂದ ಮುಂಗಡವನ್ನು ಪಡೆಯುವುದೂ ನಿಷಿದ್ಧ. ಭಾರತದಲ್ಲಿ ಟೈಮ್‌ಶೇರಿಗೆಂದೇ ರಚಿತವಾದ ಕಾಯಿದೆಯಿಲ್ಲ. ಹಿಂದೆಗೆಯುವ ಅವಧಿಯು ಕರಾರಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದುದರಿಂದ ಶಾಸನವು ಕೊಡದ ಆ ಹದಿನಾಲ್ಕು ದಿನಗಳನ್ನು ಸಹಿಗೆ ಮುನ್ನವೇ ತೆಗೆದುಕೊಳ್ಳುವುದು ವಿವೇಕ. ಸಭಾಂಗಣಕ್ಕೆ ಹೋಗುವುದಾದರೆ ಚೆಕ್‌ಪುಸ್ತಕವನ್ನೂ ಕ್ರೆಡಿಟ್ ಕಾರ್ಡನ್ನೂ ಮನೆಯಲ್ಲಿಟ್ಟು ಹೋಗಬೇಕು. ಸಂಚಕಾರವೆಂದು ಐದು ಸಾವಿರವನ್ನೂ ಕೊಡಬಾರದು. ಕರಾರಿನ ಪ್ರತಿಯನ್ನು ಮನೆಗೆ ಕೇಳಬೇಕು. ಅಕ್ಕಲಕೋಟೆಯ ಮನೆಯಲ್ಲಿ ಮಾತು ಕನ್ನಡ, ಮಾರುವವನ ಮಾತು ಮರಾಠಿ ಅಥವಾ ಹಿಂದಿ, ಕರಾರು ಇಂಗ್ಲಿಷು. ಮೂರು ಭಾಷೆಗಳ ನಡುವೆ ಜಾರಿಹೋಗುವುದು ಯಾವಾಗಲೂ ಅಪ್ರಿಯವಾದ ಷರತ್ತೇ. ಆ ಪ್ರತಿಯನ್ನು ವಕೀಲರ ಮುಂದಿಟ್ಟು, ಒಂದೊಂದು ಕಲಮನ್ನೂ ಮನೆಯ ಭಾಷೆಯಲ್ಲಿ ಹೇಳಿಸಿಕೊಂಡು ಕೇಳುವುದಕ್ಕೆ ತಗಲುವ ವೆಚ್ಚವು ಐದು ಲಕ್ಷದ ಎದುರಿನಲ್ಲಿ ಗಣನೆಗೆ ಬಾರದು. ಬಾಯಿಮಾತಿನ ಆಶ್ವಾಸನೆಗಳನ್ನು—ಉಚಿತ ವಿಮಾನದ ಟಿಕೆಟು, ಬೇಡವಾದಾಗ ಕಂಪನಿಯೇ ಹಿಂದಕ್ಕೆ ಕೊಳ್ಳುವುದು, ಯಾವಾಗ ಕೇಳಿದರೂ ಕೊಠಡಿ—ಅಧಿಕೃತ ಸಹಿಯೊಡನೆ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿದುದನ್ನು ನಡೆಸಿಕೊಡುವರೆಂದು ನಂಬಲು ಆಧಾರವಿಲ್ಲ.

25 ವರ್ಷದ ಅವಧಿಯೊಂದೇ ಗತಿಯೆಂದು ತಿಳಿಯಬೇಕಾಗಿಯೂ ಇಲ್ಲ. ಕಡಿಮೆ ಅವಧಿಯ ಯೋಜನೆಗಳುಂಟು. ಹಳೆಯ ಸದಸ್ಯರು ತಮ್ಮ ಉಳಿದ ವರ್ಷಗಳನ್ನು ಕೊಂಡ ಬೆಲೆಗಿಂತ ಬಹಳ ಕಡಿಮೆಗೆ ಬಿಟ್ಟುಕೊಡುವುದೂ ಉಂಟು. ಅಂತಹ ವರ್ಗಾವಣೆಯನ್ನು ಕಂಪನಿಯು ಲಿಖಿತವಾಗಿ ಒಪ್ಪಿದೆಯೆ, ಹಿಂದಿನ ಶುಲ್ಕದ ಬಾಕಿ ತೀರಿದೆಯೆ ಎಂಬುದನ್ನು ಖಚಿತಪಡಿಸಿಕೊಂಡು ಕೊಂಡವನು ಮೊದಲ ಗ್ರಾಹಕನಿಗಿಂತ ಜಾಣ. ಹಪ್ತೆಯ ಮೇಲೆ ಕೊಳ್ಳುವವನಾದರೋ ಬಡ್ಡಿಯನ್ನು ಸೇರಿಸಿ ಮೇಲಿನ ಎರಡನೆಯ ಲೆಕ್ಕವನ್ನು ಮತ್ತೆ ಮಾಡಬೇಕು. ವಿಹಾರಕ್ಕಾಗಿ ಸಾಲ ಮಾಡುವುದನ್ನು ನಮ್ಮ ಹಿರಿಯರು ಹಿತವೆಂದು ಎಣಿಸಲಿಲ್ಲ, ಲೆಕ್ಕವೂ ಅವರ ಪಕ್ಷದಲ್ಲಿಯೇ ಇದೆ.

ವ್ಯವಹಾರ ಕೆಟ್ಟಾಗ ದಾರಿಯಿಲ್ಲದಿಲ್ಲ. ಕರಾರಿನಲ್ಲಿ ವ್ಯಾಜ್ಯವೆಲ್ಲ ದೂರದ ಮಹಾನಗರದಲ್ಲಿಯೇ ತೀರತಕ್ಕದ್ದೆಂದು ಬರೆದಿರುವುದನ್ನು ಕಂಡು ಧೈರ್ಯಗುಂದುವವರು ಅನೇಕರು. 2020ರ ಜುಲೈಯಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಎಂದರೆ ಅಕ್ಕಲಕೋಟೆಯವನು ಸೊಲ್ಲಾಪುರದವರೆಗೆ ಬಂದರೆ ಸಾಕು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವುಂಟು. 5 ಲಕ್ಷದವರೆಗೆ ದೂರಿಗೆ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಕರಾರಿನಲ್ಲಿ ಮಧ್ಯಸ್ಥಗಾರರ ಕಲಮಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎಮಾರ್ ಎಂಜಿಎಫ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಮೊದಲ ಸಲಹೆಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಇಷ್ಟೆಲ್ಲವನ್ನು ತೂಗಿದ ಮೇಲೂ ಮನಸ್ಸು ಕೊಳ್ಳುವ ಕಡೆಗೇ ವಾಲಿದರೆ, ಒಂದು ಪರೀಕ್ಷೆ ಉಳಿದಿದೆ. ಅದೇ ಸಂಸ್ಥೆಯ ವಸತಿಗೃಹದಲ್ಲಿ, ಮಕ್ಕಳ ರಜೆಯ ಅದೇ ಮೇ ತಿಂಗಳಲ್ಲಿ, ಸದಸ್ಯನಾಗದೆ, ಪೂರ್ತಿ ಬಾಡಿಗೆಯನ್ನು ಕೊಟ್ಟು ಒಂದು ವಾರ ಇದ್ದು ಬರಬೇಕು. ಏಳು ದಿನ ಅಂಗಡಿ ಮುಚ್ಚಿದ್ದು ತಡೆಯಿತೆ, ಮುದುಕರಿಗೆ ಪ್ರಯಾಣ ಸಹ್ಯವಾಯಿತೆ, ಮನೆಗೆ ಹೋಗೋಣವೆಂಬ ಮಾತು ಮೂರನೆಯ ದಿನವೇ ಮಕ್ಕಳಿಂದ ಬಂದಿತೆ, ಮುಂದಿನ ವರ್ಷವೂ ಇಂಥದೇ ರಜೆ ಬೇಕೆನಿಸಿತೆ—ಇವುಗಳಿಗೆ ಉತ್ತರ ಅಲ್ಲಿ ದೊರೆಯುತ್ತದೆ. ಜೊತೆಗೆ ಅಲ್ಲಿಗೆ ಬಂದ ಹಳೆಯ ಸದಸ್ಯರನ್ನು ಊಟದ ಮನೆಯಲ್ಲಿ ಮಾತನಾಡಿಸಿ, ಬೇಕಾದ ವಾರ ಅವರಿಗೆ ಎಷ್ಟು ಸಲ ಕೇಳಿದ ಮೇಲೆ ದೊರೆಯಿತು, ಶುಲ್ಕ ಎಷ್ಟರಿಂದ ಎಷ್ಟಕ್ಕೆ ಏರಿತು ಎಂದು ತಿಳಿದುಕೊಂಡರೆ ಯಾವ ಚಿತ್ರಪುಸ್ತಕವೂ ಹೇಳದ ವಿಷಯಗಳು ತಿಳಿದುಬರುತ್ತವೆ. ಆ ವಾರದ ಬಾಡಿಗೆ ನಲ್ವತ್ತೈವತ್ತು ಸಾವಿರವಾಗಬಹುದು. ಹಿಂದಿರುಗಿದ ಮೇಲೆ ಕೊಳ್ಳುವುದು ಬೇಡವೆನಿಸಿದರೆ, ಐದು ಲಕ್ಷ ಉಳಿಯಿತು, ರಜೆಯೂ ಕಳೆಯಿತು. ಬೇಕೆನಿಸಿದರೆ, ಈ ರಾತ್ರಿಗೆ ಮಾತ್ರವೆಂದಿದ್ದ ಆ ದರವು ಜೂನ್ ತಿಂಗಳಲ್ಲಿಯೂ ಇದ್ದೇ ಇರುತ್ತದೆ, ಪ್ರಾಯಶಃ ಸ್ವಲ್ಪ ಇಳಿದೂ ಇರುತ್ತದೆ.